ಗ್ಲುಟನ್ ಬಿಟ್ಟರೂ ಹೊಟ್ಟೆ ಯಾಕೆ ಸರಿಹೋಗಲಿಲ್ಲ?

(ಇದು ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ಲುಟನ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನು, ಬಿಡುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬಿಟ್ಟ ಮೇಲಿನ ಕಥೆಯನ್ನು ಹೇಳುವವರು ಕಡಿಮೆ. ಇವತ್ತು ನಾನು ಜಾಸ್ತಿ ಹೊತ್ತು ಆ ಕಥೆಗೇ ಕೊಡುತ್ತೇನೆ. ಎರಡು ತಿಂಗಳಿಂದ ಗೋಧಿ ಮುಟ್ಟಿಲ್ಲ, ಆದರೂ ಹೊಟ್ಟೆ ಉಬ್ಬರ ಹೋಗಿಲ್ಲ ಅನ್ನುತ್ತಾರೆ ಒಬ್ಬರು. ಭೇದಿ ನಿಂತಿತು, ಈಗ ಮಲಬದ್ಧತೆ ಶುರುವಾಗಿದೆ ಅನ್ನುತ್ತಾರೆ ಇನ್ನೊಬ್ಬರು. ಇಂಥ ಹೊತ್ತಿನಲ್ಲಿ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಈ ಪಥ್ಯವೇ ಸುಳ್ಳು ಅಂತ ಕೈಬಿಡುತ್ತಾರೆ. ಇಲ್ಲವೇ ತಟ್ಟೆಯಿಂದ ಇನ್ನೂ ಹತ್ತು ಪದಾರ್ಥ ತೆಗೆದುಹಾಕುತ್ತಾರೆ. ಎರಡೂ ಬೇಡ. ಉಳಿದುಕೊಂಡ ತೊಂದರೆಗೆ ಬಹಳ ಸಲ ಬೇರೆಯದೇ ಕಾರಣ ಇರುತ್ತದೆ. ಅದನ್ನು ಹುಡುಕಿ ಹಿಡಿಯಬಹುದು.

ಅದಕ್ಕೂ ಮುಂಚೆ ಒಂದು ಮಾತು. ಇನ್ನೂ ಗ್ಲುಟನ್ ಬಿಡದೆ, ಬಿಡಬೇಕು ಅಂದುಕೊಂಡಿರುವವರು ಇಲ್ಲಿ ಇದ್ದರೆ, ದಯವಿಟ್ಟು ನಾಳೆಯಿಂದಲೇ ಬಿಡಬೇಡಿ. ಮೊದಲು ಪರೀಕ್ಷೆ ಮಾಡಿಸಿ.

ಬಿಡುವ ಮುಂಚೆ ಪರೀಕ್ಷೆ

ಗ್ಲುಟನ್ ಅನ್ನುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಗುಂಪು. ಗೋಧಿ ಹಿಟ್ಟು ನಾದಿದಾಗ ಬರುವ ಜಿಗುಟು, ಎಳೆದರೆ ಹಿಗ್ಗುವ ಗುಣ ಇದರದ್ದೇ. ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವವರಲ್ಲಿ ಮೂರು ಬಗೆ. ಸೀಲಿಯಾಕ್ ಕಾಯಿಲೆ ಇರುವವರು ಮೊದಲನೆಯವರು. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆ, ಎಷ್ಟೋ ಜನರಿಗೆ ಇರುವುದೇ ಗೊತ್ತಿಲ್ಲ. ಎರಡನೆಯವರಿಗೆ ಗೋಧಿಯ ಅಲರ್ಜಿ. ಅದು ಬೇರೆಯೇ ವಿಷಯ, ಇವತ್ತು ಅದಕ್ಕೆ ಕೈಹಾಕುವುದಿಲ್ಲ. ಮೂರನೆಯವರಿಗೆ ಈ ಎರಡೂ ಇಲ್ಲ, ಆದರೂ ಗೋಧಿ ತಿಂದರೆ ಹೊಟ್ಟೆ ಕೆಡುತ್ತದೆ.

ಸೀಲಿಯಾಕ್‌ನಲ್ಲಿ ಆಗುವುದು ಇಷ್ಟು. ಗ್ಲುಟನ್ ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ಸ್ನಾನದ ಟವೆಲ್ಲಿನ ಮೇಲೆ ಎಳೆಗಳು ಎದ್ದು ನಿಂತಿರುವ ಹಾಗೆ ಅಲ್ಲಿ ಸಣ್ಣ ಬೆರಳಿನಂಥ ರಚನೆಗಳಿವೆ. ತಿಂದದ್ದರ ಸಾರ ರಕ್ತಕ್ಕೆ ಸೇರುವುದು ಅವುಗಳ ಮೂಲಕ. ದಾಳಿಯಿಂದ ಅವು ಸವೆದು ಚಪ್ಪಟೆಯಾಗುತ್ತವೆ. ಹೀಗಾಗಿ ಸೀಲಿಯಾಕ್ ಬರೀ ಹೊಟ್ಟೆಯ ಕಾಯಿಲೆಯಲ್ಲ. ಕೆಲವರಿಗೆ ಭೇದಿಯೂ ಇಲ್ಲ, ನೋವೂ ಇಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ಹೋಗದ ರಕ್ತಹೀನತೆ ಒಂದೇ ಲಕ್ಷಣ. ಕಬ್ಬಿಣದ ಅಂಶ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಮೊದಲು ಹಾಳಾಗುವುದೂ ಅದೇ ಭಾಗ. ಇನ್ನು ಕೆಲವರಲ್ಲಿ ಮೂಳೆ ಸವೆತ, ಬಾಯಿಹುಣ್ಣು, ಮೈಮೇಲೆ ತುರಿಕೆಯ ಗುಳ್ಳೆಗಳಿಂದ ಇದು ಗೊತ್ತಾಗುತ್ತದೆ.

ಪತ್ತೆಗೆ ಮೊದಲು ರಕ್ತಪರೀಕ್ಷೆ. ಟಿಟಿಜಿ-ಐಜಿಎ ಅನ್ನುವ ಪ್ರತಿಕಾಯವನ್ನು ನೋಡುತ್ತಾರೆ. ಜೊತೆಗೆ ಐಜಿಎ ಅನ್ನುವ ಬಗೆಯ ಪ್ರತಿಕಾಯ ದೇಹದಲ್ಲಿ ಒಟ್ಟು ಎಷ್ಟಿದೆ ಅಂತಲೂ ನೋಡಬೇಕು. ಯಾಕೆಂದರೆ ಕೆಲವರ ದೇಹದಲ್ಲಿ ಐಜಿಎ ತಯಾರಾಗುವುದೇ ಕಡಿಮೆ. ಅವರಿಗೆ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ 'ಇಲ್ಲ' ಅನ್ನುತ್ತದೆ. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರನ್ನು ತೆಗೆದು ನೋಡುತ್ತಾರೆ. ಈ ಎರಡೂ ಪರೀಕ್ಷೆ ಸರಿಯಾಗಿ ಬರಬೇಕಾದರೆ ನೀವು ಗ್ಲುಟನ್ ತಿನ್ನುತ್ತಿರಬೇಕು. ಬಿಟ್ಟು ಕೆಲವು ತಿಂಗಳಾಗಿದ್ದರೆ ಪ್ರತಿಕಾಯ ಇಳಿದಿರುತ್ತದೆ, ಕರುಳು ಸ್ವಲ್ಪ ವಾಸಿಯಾಗಿರುತ್ತದೆ. ಆಗ ಸುಳ್ಳು ಸಮಾಧಾನದ ರಿಪೋರ್ಟು ಕೈಗೆ ಬರುತ್ತದೆ.

ಆಗಲೇ ಬಿಟ್ಟಾಗಿದೆ ಅನ್ನುವವರಿಗೂ ದಾರಿ ಇದೆ. ಒಂದು, ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ವಾರ ಮತ್ತೆ ಗ್ಲುಟನ್ ತಿಂದು ಪರೀಕ್ಷೆ ಮಾಡಿಸುವುದು. ಸುಖದ ಕೆಲಸವಲ್ಲ, ಎಲ್ಲರಿಂದಲೂ ಆಗುವುದೂ ಇಲ್ಲ. ಇನ್ನೊಂದು, ಜೀನ್ ಪರೀಕ್ಷೆ. ಇದಕ್ಕೆ ಗ್ಲುಟನ್ ತಿನ್ನಬೇಕಿಲ್ಲ. ಎಚ್‌ಎಲ್‌ಎ-ಡಿಕ್ಯೂ2 ಮತ್ತು ಡಿಕ್ಯೂ8 ಅನ್ನುವ ಜೀನ್‌ಗಳು ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲ ಅಂತಲೇ ಹೇಳಬಹುದು. ಇದ್ದರೆ ಮಾತ್ರ ಏನೂ ಹೇಳಲಾಗದು. ಅನೇಕ ದೇಶಗಳಲ್ಲಿ ನೂರಕ್ಕೆ 30ರಿಂದ 40 ಜನರಲ್ಲಿ ಈ ಜೀನ್‌ಗಳಿವೆ. ಅವರಲ್ಲಿ ಕಾಯಿಲೆ ಬರುವುದು ಕೆಲವರಿಗಷ್ಟೇ.

ಹೇಗೂ ಬಿಡುವುದು ತಾನೇ, ಕಾಯಿಲೆಯ ಹೆಸರು ಯಾಕೆ ಬೇಕು ಅಂತ ಕೇಳುತ್ತಾರೆ. ಬೇಕು. ಸೀಲಿಯಾಕ್ ಆದರೆ ಜೀವನಪೂರ್ತಿ, ಗ್ಲುಟನ್ ಚೂರೂ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಮೂಳೆ, ರಕ್ತ, ಥೈರಾಯ್ಡ್ ಆಗಾಗ ನೋಡಿಸಬೇಕು, ಮನೆಯವರಿಗೂ ಪರೀಕ್ಷೆ ಆಗಬೇಕು. ಮೂರನೆಯ ಬಗೆಯವರಿಗೆ ಅಷ್ಟು ಬಿಗಿ ಬೇಕಿಲ್ಲ. ಗೊತ್ತಿಲ್ಲದೆ ಇಬ್ಬರೂ ಒಂದೇ ಥರ ಬದುಕಿದರೆ ಒಬ್ಬರಿಗೆ ಅಪಾಯ, ಇನ್ನೊಬ್ಬರಿಗೆ ಸುಮ್ನೆ ಕಷ್ಟ.

ಬಾಳೆಹಣ್ಣಿಗೆ ಸಿಕ್ಕ ಹೆಸರು

ಒಂದು ಹಳೆಯ ಕಥೆ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರವಾಗಿ ಬರೆದರು. ವಾಸಿಯಾಗುವುದಿದ್ದರೆ ಅದು ಆಹಾರದಿಂದಲೇ ಅಂತಲೂ ಊಹಿಸಿದ್ದರು. ಯಾವ ಆಹಾರ ಅಂತ ಮಾತ್ರ ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಶುರುಮಾಡಿದರು. ಬ್ರೆಡ್, ಧಾನ್ಯ ಇಲ್ಲ, ಬಾಳೆಹಣ್ಣು ಬೇಕಾದಷ್ಟು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣು ಔಷಧಿಯೆಂದು ಹೆಸರಾಯಿತು. ಆದರೆ ಮಕ್ಕಳನ್ನು ಉಳಿಸಿದ್ದು ತಟ್ಟೆಗೆ ಬಂದ ಹಣ್ಣಲ್ಲ, ತಟ್ಟೆಯಿಂದ ಹೋದ ಗೋಧಿ.

ಅದನ್ನು ಕಂಡುಕೊಂಡವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರಿಗೆ ಯುದ್ಧಕ್ಕೂ ಮುಂಚೆಯೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಆ ದೇಶದಲ್ಲಿ ಬ್ರೆಡ್ ಸಿಗುವುದೇ ಕಷ್ಟವಾಯಿತು. ಊರೆಲ್ಲ ಹಸಿದಿದ್ದಾಗ ಈ ಮಕ್ಕಳ ಹೊಟ್ಟೆ ಮಾತ್ರ ಸುಧಾರಿಸಿತು. ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು.

ಬಾಳೆಹಣ್ಣಿನ ಪಥ್ಯದಲ್ಲಿ ಮಕ್ಕಳು ಸುಧಾರಿಸಿದ್ದು ನಿಜ, ಹೇಳಿದ ಕಾರಣ ಮಾತ್ರ ತಪ್ಪು. ಇಂಥ ಗೊಂದಲ ಇವತ್ತೂ ನಡೆಯುತ್ತಿದೆ.

ಉಳಿದುಕೊಂಡ ತೊಂದರೆ

ಗ್ಲುಟನ್ ಬಿಟ್ಟಾಗಿದೆ, ಹೊಟ್ಟೆ ಇನ್ನೂ ಕಾಡುತ್ತಿದೆ ಅಂದುಕೊಳ್ಳಿ. ನಾನು ಮೊದಲು ಕೇಳುವುದು ಎಷ್ಟು ದಿನ ಆಯಿತು ಅಂತ. ಕೆಲವರಿಗೆ ಒಂದೆರಡು ವಾರದಲ್ಲೇ ಹಗುರ ಅನ್ನಿಸುತ್ತದೆ. ಕರುಳು ವಾಸಿಯಾಗುವುದು ಅಷ್ಟು ಬೇಗ ಅಲ್ಲ. ಮಕ್ಕಳಲ್ಲಿ ಬೇಗ. ದೊಡ್ಡವರಲ್ಲಿ ಒಂದೆರಡು ವರ್ಷ ಹಿಡಿಯಬಹುದು, ಕೆಲವರಲ್ಲಿ ಅದಕ್ಕಿಂತಲೂ ಜಾಸ್ತಿ. ಪ್ರತಿಕಾಯದ ಅಂಕಿ ಕೂಡ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಆರು ವಾರಕ್ಕೆ ನಿರಾಸೆಯಾಗುವುದು ಬೇಡ.

ಆಮೇಲೆ ಹುಡುಕಬೇಕಾದದ್ದು ಕಣ್ತಪ್ಪಿ ಬರುತ್ತಿರುವ ಗ್ಲುಟನ್ನು. ಸೀಲಿಯಾಕ್ ಇರುವವರಲ್ಲಿ ತೊಂದರೆ ಮುಂದುವರಿಯಲು ಅತಿ ಸಾಮಾನ್ಯ ಕಾರಣ ಇದೇ. ಇಲ್ಲಿ ಒಂದು ಲೆಕ್ಕ ನೋಡೋಣ. ಒಂದು ಸಾಧಾರಣ ಬ್ರೆಡ್ ಹೋಳಿನಲ್ಲಿ ಸುಮಾರು 2 ಗ್ರಾಂ ಗ್ಲುಟನ್ ಇರುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ನನ್ನು ಮೂರು ತಿಂಗಳು ಕೊಟ್ಟರೆ ಕರುಳಿಗೆ ಪೆಟ್ಟಾಗುತ್ತದೆ ಅಂತ 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ತೋರಿಸಿತು. ಅಂದರೆ ಆ ಹೋಳಿನ ನಲವತ್ತನೇ ಒಂದು ಭಾಗ. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೆಚ್ಚಿನವರಿಗೆ ಅಪಾಯವಿಲ್ಲ ಅನ್ನುವುದು ಈಗಿನ ತಿಳಿವಳಿಕೆ.

ಪೊಟ್ಟಣದ ಮೇಲೆ 'ಗ್ಲುಟನ್ ಮುಕ್ತ' ಅಂತ ಬರೆಯಲು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕೆ.ಜಿ.ಗೆ 20 ಮಿಲಿಗ್ರಾಂ. ಆ ಮಿತಿಯ ತುದಿಯಲ್ಲಿರುವ ತಿನಿಸನ್ನೇ ದಿನಕ್ಕೆ ಅರ್ಧ ಕೆ.ಜಿ. ತಿಂದರೂ ಆಗುವುದು 10 ಮಿಲಿಗ್ರಾಂ. ಹಾಗಾಗಿ ಲೇಬಲ್ಲನ್ನು ನಂಬಬಹುದು. 'ಗೋಧಿ ಇಲ್ಲ' ಅನ್ನುವ ಲೇಬಲ್ ಬೇರೆ. ಗೋಧಿ ಇಲ್ಲದಿದ್ದರೂ ಬಾರ್ಲಿ ಇರಬಹುದು.

ಎಲ್ಲೆಲ್ಲಿ ಅಡಗಿರುತ್ತದೆ? ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿ, ಅದು ಕಾರ್ನ್‌ಫ್ಲೇಕ್ಸ್‌ನಂಥ ತಿನಿಸುಗಳಲ್ಲೂ ಬರುತ್ತದೆ. ಸೋಯಾ ಸಾಸ್‌ನ ತಯಾರಿಯಲ್ಲಿ ಸಾಮಾನ್ಯವಾಗಿ ಗೋಧಿ ಇದೆ. ಸೂಪ್ ಪುಡಿ, ಸಾಸೇಜ್, ಗಟ್ಟಿ ಮಾಡಿದ ಗ್ರೇವಿಗಳಲ್ಲಿ ಹಿಟ್ಟು ಇರಬಹುದು. ಬಿಯರ್ ಬಾರ್ಲಿಯದ್ದು. ಉಪ್ಪಿಟ್ಟಿನ ರವೆ, ಸ್ಪೆಲ್ಟ್, ಡ್ಯೂರಮ್, ಬುಲ್ಗರ್ ಎಲ್ಲ ಗೋಧಿಯ ಮನೆತನದವೇ. ಹುಳಿ ಬರಿಸಿದ ಬ್ರೆಡ್ ಪರವಾಗಿಲ್ಲ, ಹುರಿದರೆ ಗ್ಲುಟನ್ ಹೋಗುತ್ತದೆ ಅನ್ನುವ ಮಾತುಗಳನ್ನು ನಂಬಬೇಡಿ. ಅಡುಗೆಯ ಬಿಸಿಗೆ ಗ್ಲುಟನ್ ನಾಶವಾಗುವುದಿಲ್ಲ.

ಅಡುಗೆಮನೆಯ ವಿಷಯ ಇನ್ನೂ ಸೂಕ್ಷ್ಮ. ಒಬ್ಬರಿಗೆ ಪಥ್ಯ, ಉಳಿದವರಿಗೆ ಎಂದಿನ ಊಟ, ಇದು ಹೆಚ್ಚಿನ ಮನೆಗಳ ಸ್ಥಿತಿ. ಒಂದೇ ಟೋಸ್ಟರ್, ಒಂದೇ ಜರಡಿ, ಬ್ರೆಡ್ ಚೂರು ಬಿದ್ದ ಬೆಣ್ಣೆ ಡಬ್ಬ, ಬ್ರೆಡ್ ಪುಡಿ ಹೊರಳಿಸಿ ಕರಿದ ಎಣ್ಣೆ ಇವೆಲ್ಲ ಕಳ್ಳದಾರಿಗಳು. ಜರಡಿ ಮತ್ತು ಟೋಸ್ಟರ್ ಬೇರೆಯೇ ಇರಲಿ, ಅವನ್ನು ಪೂರ್ತಿ ತೊಳೆಯಲಾಗುವುದಿಲ್ಲ. ಸ್ಟೀಲ್ ಪಾತ್ರೆಗೆ ಅಷ್ಟು ಹೆದರಬೇಕಿಲ್ಲ. ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು. ಗೋಧಿ ಹಿಟ್ಟಿನ ಕೆಲಸವಿದ್ದರೆ, ಪಥ್ಯದವರ ಅಡುಗೆ ಮೊದಲು ಮುಗಿಸಿ ಮುಚ್ಚಿಡಿ. ಹಿಟ್ಟಿನ ಧೂಳು ಗಾಳಿಯಲ್ಲಿ ತೇಲಿ ತುಂಬಾ ಹೊತ್ತಿನ ಮೇಲೆ ಕೆಳಗೆ ಕೂರುತ್ತದೆ. ಶ್ಯಾಂಪೂ, ಸಾಬೂನಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಗ್ಲುಟನ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ.

ಓಟ್ಸ್ ಬಗ್ಗೆ ಎರಡು ಮಾತು. ಓಟ್ಸ್‌ನಲ್ಲಿ ಗೋಧಿಯ ಗ್ಲುಟನ್ ಇಲ್ಲ, ಆದರೆ ಹೊಲದಿಂದ ಕಾರ್ಖಾನೆಯವರೆಗೆ ಅದು ಗೋಧಿ, ಬಾರ್ಲಿಯ ಜೊತೆ ಬೆರೆಯುತ್ತದೆ. ಗ್ಲುಟನ್ ಮುಕ್ತ ಅಂತ ಬರೆದ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆ. ಕೆಲವರಿಗೆ ಅದೂ ಆಗದು. ನನ್ನ ಸಲಹೆ, ಹೊಟ್ಟೆ ಒಂದು ಹದಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ತಿಂದು ನೋಡಿ.

ಇಷ್ಟೆಲ್ಲ ನೋಡಿಕೊಂಡರೂ ಉಬ್ಬರ, ಭೇದಿ ಇದೆಯೇ? ಹಾಲಿನ ಕಡೆ ನೋಡಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಇರುವುದು ಕರುಳಿನ ಆ ಬೆರಳುಗಳ ತುದಿಯಲ್ಲಿ. ತುದಿ ಸವೆದಿದ್ದರೆ ಕಿಣ್ವ ಎಲ್ಲಿಂದ ಬರಬೇಕು? ಎಷ್ಟೋ ಜನರಲ್ಲಿ ಇದು ತಾತ್ಕಾಲಿಕ. ಕೆಲವು ತಿಂಗಳು ಹಾಲು ಕಡಿಮೆ ಮಾಡಿ, ಕರುಳು ಚೇತರಿಸಿಕೊಂಡ ಹಾಗೆ ಮತ್ತೆ ತಿಂದು ನೋಡಬಹುದು. ಮೊಸರು, ಗಟ್ಟಿ ಚೀಸ್‌ಗಳಲ್ಲಿ ಲ್ಯಾಕ್ಟೋಸ್ ಕಡಿಮೆ, ಅವು ಬಹಳ ಜನರಿಗೆ ಆಗುತ್ತವೆ. ಹಾಲು ಬಿಟ್ಟ ದಿನಗಳಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ಸೀಲಿಯಾಕ್ ಇರುವವರ ಮೂಳೆಗೆ ಅದು ಇತರರಿಗಿಂತ ಜಾಸ್ತಿ ಬೇಕು.

ಮಲಬದ್ಧತೆಯ ಕಥೆ ಬೇರೆ. ಗೋಧಿ ಬಿಟ್ಟಾಗ ಅದರ ಜೊತೆ ನಾರಿನಂಶವೂ ಹೋಗುತ್ತದೆ. ಅದರ ಜಾಗಕ್ಕೆ ಬರುವುದು ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಆಲೂಗಡ್ಡೆಯ ಪಿಷ್ಟ. ಅಂಗಡಿಯ ಗ್ಲುಟನ್ ಮುಕ್ತ ಬಿಸ್ಕತ್ತು, ಕೇಕುಗಳಲ್ಲಿ ನಾರು ಕಡಿಮೆ, ಸಕ್ಕರೆ ಮತ್ತು ಕೊಬ್ಬು ಜಾಸ್ತಿ ಇರುವುದು ಮಾಮೂಲು. ಬಿಸ್ಕತ್ತು ಯಾವತ್ತಿದ್ದರೂ ಬಿಸ್ಕತ್ತೇ. ಕಾಳು, ತರಕಾರಿ, ಹಣ್ಣು, ಸಿರಿಧಾನ್ಯ, ಕಿನೋವಾ, ಬೀಜಗಳು ತಟ್ಟೆಗೆ ಬರಬೇಕು. ಅಕ್ಕಿಯೊಂದನ್ನೇ ಮೂರು ಹೊತ್ತೂ ನೆಚ್ಚಿಕೊಳ್ಳುವುದಕ್ಕಿಂತ ಧಾನ್ಯ ಬದಲಾಯಿಸುವುದು ಒಳ್ಳೆಯದು. ಆದರೆ ನಾರನ್ನು ಒಂದೇ ವಾರದಲ್ಲಿ ದುಪ್ಪಟ್ಟು ಮಾಡಬೇಡಿ, ಗ್ಯಾಸ್ ಹೆಚ್ಚುತ್ತದೆ. ನೀರಿನ ಜೊತೆ ನಿಧಾನವಾಗಿ ಏರಿಸಿ. ಇಸಬ್‌ಗೋಲ್ ಹಲವರಿಗೆ ಸಹಾಯ ಮಾಡುತ್ತದೆ.

ಈಗ ಬಾಳೆಹಣ್ಣಿನ ಕಥೆಗೆ ಬರುತ್ತೇನೆ. ಗೋಧಿಯಲ್ಲಿ ಗ್ಲುಟನ್ ಒಂದೇ ಇಲ್ಲ. ಫ್ರಕ್ಟಾನ್ ಅನ್ನುವ ಒಂದು ಬಗೆಯ ಕಾರ್ಬೋಹೈಡ್ರೇಟ್ ಕೂಡ ಇದೆ. ಅದನ್ನು ನಮ್ಮ ಸಣ್ಣ ಕರುಳು ಅರಗಿಸುವುದಿಲ್ಲ. ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಸೂಕ್ಷ್ಮ ಕರುಳಿನವರಿಗೆ ಅದರಿಂದ ಉಬ್ಬರ, ನೋವು. ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೀಲಿಯಾಕ್ ಇಲ್ಲದೆಯೂ ತಮಗೆ ಗ್ಲುಟನ್ ಆಗುವುದಿಲ್ಲ ಅನ್ನುತ್ತಿದ್ದ 59 ಜನರಿಗೆ ಮೂರು ಬಗೆಯ ತಿಂಡಿ ಕೊಟ್ಟರು. ಒಂದರಲ್ಲಿ ಗ್ಲುಟನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಯಾವುದು ಯಾವುದು ಅಂತ ತಿಂದವರಿಗೆ ತಿಳಿದಿರಲಿಲ್ಲ. ಒಟ್ಟಾರೆ ನೋಡಿದಾಗ ಜಾಸ್ತಿ ತೊಂದರೆ ಬಂದದ್ದು ಫ್ರಕ್ಟಾನ್ ತಿಂಡಿಯಿಂದ.

ಇದರಿಂದ ಏನು ಗೊತ್ತಾಗುತ್ತದೆ? ಗೋಧಿ ಬಿಟ್ಟು ಸುಧಾರಿಸಿದವರಲ್ಲಿ ಕೆಲವರಿಗೆ ಗ್ಲುಟನ್ ಏನೂ ಮಾಡಿರಲಿಲ್ಲ. ಅಂಥವರು ಗ್ಲುಟನ್ ಮುಕ್ತ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಯಥೇಚ್ಛ ತಿಂದರೆ ಉಬ್ಬರ ಮರಳುತ್ತದೆ, ಅವುಗಳಲ್ಲೂ ಫ್ರಕ್ಟಾನ್ ಇದೆಯಲ್ಲ. ಸೀಲಿಯಾಕ್ ಜೊತೆಗೆ ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್, ಇರುವವರಿಗೂ ಇದೇ ಮಾತು. ಇಂಥವರಿಗಾಗಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಲೋ ಫಾಡ್‌ಮ್ಯಾಪ್ ಎಂಬ ಪಥ್ಯ ಇದೆ, ಅಂದರೆ ಫ್ರಕ್ಟಾನ್‌ನಂಥ ಸುಲಭವಾಗಿ ಅರಗದ ಕಾರ್ಬೋಹೈಡ್ರೇಟ್‌ಗಳನ್ನು ಕಡಿಮೆ ಮಾಡುವ ಪಥ್ಯ. ಅದನ್ನು ಪಥ್ಯತಜ್ಞರ ಜೊತೆ ಮಾಡಿ. ಕೆಲವು ವಾರ ಬಿಡುವುದು, ಆಮೇಲೆ ಒಂದೊಂದಾಗಿ ವಾಪಸ್ ತರುವುದು ಅದರ ಕ್ರಮ. ಜನ ಮೊದಲ ಹಂತದಲ್ಲೇ ವರ್ಷಗಟ್ಟಲೆ ಕೂತುಬಿಡುತ್ತಾರೆ. ಅದು ಸರಿಯಲ್ಲ.

ಇದ್ಯಾವುದೂ ಅಲ್ಲದಿದ್ದರೆ ವೈದ್ಯರು ನೋಡಬೇಕಾದವು ಇವೆ. ಮೇದೋಜೀರಕ ಗ್ರಂಥಿಯ ಕಿಣ್ವಗಳ ಕೊರತೆ, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗುವುದು, ದೊಡ್ಡ ಕರುಳಿನ ಸೂಕ್ಷ್ಮ ಉರಿಯೂತ, ಥೈರಾಯ್ಡ್. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ ಕಂಡರೆ ಪಥ್ಯದ ಪ್ರಯೋಗ ಮಾಡುತ್ತಾ ಕೂರಬೇಡಿ. ನೇರ ವೈದ್ಯರ ಹತ್ತಿರ ಹೋಗಿ.

ಡೈರಿ

ಇಷ್ಟು ಕಾರಣಗಳಲ್ಲಿ ನಿಮ್ಮದು ಯಾವುದು ಅಂತ ತಿಳಿಯಲು ಒಂದು ಸಣ್ಣ ಪುಸ್ತಕ ಸಾಕು. ತಿಂದದ್ದು, ಹೊತ್ತು, ಹೊಟ್ಟೆಯ ಸ್ಥಿತಿ, ಮಲದ ರೀತಿ, ನಿದ್ದೆ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಾಲು, ಈರುಳ್ಳಿ, ಕಾಫಿ ಮೂರನ್ನೂ ಒಂದೇ ದಿನ ಬಿಟ್ಟು ಸುಧಾರಿಸಿದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಮತ್ತೊಂದು ಬಾಳೆಹಣ್ಣಿನ ಪಥ್ಯವಾಗುತ್ತದೆ, ಅಷ್ಟೇ. ಕೆಟ್ಟ ದಿನ ಮಾತ್ರ ಬರೆಯುವ ಅಭ್ಯಾಸ ಹಲವರಿಗಿದೆ. ಚೆನ್ನಾಗಿದ್ದ ದಿನ ಏನು ತಿಂದಿರಿ ಅನ್ನುವುದೂ ಬೇಕು.

ಸಭಿಕರ ಪ್ರಶ್ನೆಗಳು

*ಗೊತ್ತಿಲ್ಲದೆ ಗ್ಲುಟನ್ ತಿಂದುಬಿಟ್ಟರೆ ಏನು ಮಾಡಬೇಕು?*

ಆಗಿಹೋದದ್ದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ಗ್ಲುಟನ್ ಅರಗಿಸುತ್ತೇವೆ ಅನ್ನುವ ಮಾತ್ರೆಗಳನ್ನು ನಂಬಿ ಬ್ರೆಡ್ ತಿನ್ನಬೇಡಿ. ವಾಂತಿ, ಭೇದಿ ಕೆಲವರಿಗೆ ಕೆಲವೇ ಗಂಟೆಗಳಲ್ಲಿ ಬರುತ್ತದೆ. ನೀರು, ಬೇಕಿದ್ದರೆ ಓಆರ್‌ಎಸ್ ಕುಡಿಯಿರಿ. ಹಗುರವಾದ ಊಟ, ವಿಶ್ರಾಂತಿ. ನೀರು ಕೂಡ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಒಂದು ಸಲದ ತಪ್ಪಿನಿಂದ ವರ್ಷದ ಪಥ್ಯ ವ್ಯರ್ಥವಾಗುವುದಿಲ್ಲ. ಎಲ್ಲಿ ತಪ್ಪಿತು ಅಂತ ಮಾತ್ರ ಬರೆದಿಡಿ.

*ತಿಂದರೂ ನನಗೇನೂ ಆಗುವುದಿಲ್ಲ. ಆಗಾಗ ತಿನ್ನಬಹುದಾ?*

ಸೀಲಿಯಾಕ್ ಇದ್ದರೆ ಬೇಡ. ಏನೂ ಅನ್ನಿಸದಿದ್ದರೂ ಒಳಗೆ ಕರುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಲಕ್ಷಣ ಇಲ್ಲದವರೇ ಹೆಚ್ಚು ಹುಷಾರಾಗಿರಬೇಕು, ಎಚ್ಚರಿಸುವವರು ಯಾರೂ ಇಲ್ಲವಲ್ಲ. ರಕ್ತಪರೀಕ್ಷೆ ತಪ್ಪಿಸಬೇಡಿ.

*ಪಥ್ಯ ಶುರುಮಾಡಿದ ಮೇಲೆ ತೂಕ ಏರುತ್ತಿದೆ. ಇದು ಸರಿಯಾ?*

ಮೊದಲು ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಈಗ ಹತ್ತುತ್ತಿದೆ. ತೂಕ ಕಳೆದುಕೊಂಡಿದ್ದವರಿಗೆ ಇದು ಒಳ್ಳೆಯ ಸುದ್ದಿ. ಬೇಕಾದ್ದಕ್ಕಿಂತ ಜಾಸ್ತಿ ಏರುತ್ತಿದ್ದರೆ ಪೊಟ್ಟಣದ ತಿನಿಸು ಎಷ್ಟಿದೆ ನೋಡಿ.

*ಹೊರಗೆ ಊಟಕ್ಕೆ ಹೋದಾಗ ಕೇಳುವುದಕ್ಕೇ ಸಂಕೋಚ.*

ಗ್ಲುಟನ್ ಇದೆಯಾ ಅಂತ ಕೇಳಿದರೆ ಬಹಳ ಜನರಿಗೆ ಅರ್ಥವಾಗುವುದಿಲ್ಲ, ಸುಮ್ನೆ ಇಲ್ಲ ಅಂದುಬಿಡುತ್ತಾರೆ. ಹಿಟ್ಟು ಹಾಕಿದ್ದೀರಾ, ಸಾಸ್ ಯಾವುದು, ಇದೇ ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತೀರಿ ಅಂತ ಬಿಡಿಸಿ ಕೇಳಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋದರೆ ಅಡುಗೆಯವರಿಗೂ ಉತ್ತರ ಹೇಳುವ ವ್ಯವಧಾನ ಇರುತ್ತದೆ. ಉತ್ತರ ಗಟ್ಟಿಯಾಗಿಲ್ಲ ಅನ್ನಿಸಿದರೆ ತಿನ್ನಬೇಡಿ.

*ನನ್ನ ಮಗಳಿಗೆ ಸೀಲಿಯಾಕ್ ಇದೆ. ಮಗನಿಗೆ ಏನೂ ತೊಂದರೆ ಇಲ್ಲ. ಅವನಿಗೂ ಪರೀಕ್ಷೆ ಬೇಕಾ?*

ಬೇಕು, ನಿಮಗೂ ಬೇಕು. ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಸಿಗುತ್ತದೆ. ಈಗ ಇಲ್ಲ ಅಂತ ಬಂದರೂ ಮುಂದೆ ಬರಬಹುದು, ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕು ಅಂತ ವೈದ್ಯರನ್ನು ಕೇಳಿ. ಪರೀಕ್ಷೆ ಮುಗಿಯುವ ತನಕ ಮಗನಿಗೆ ಎಂದಿನ ಊಟವನ್ನೇ ಕೊಡಿ. ಅಕ್ಕನ ಜೊತೆ ಅವನಿಗೂ ಗ್ಲುಟನ್ ಬಿಡಿಸಿದರೆ ರಿಪೋರ್ಟು ಸರಿಯಾಗಿ ಬರುವುದಿಲ್ಲ.